ಹಮಾಲಿಯಾಗಿದ್ದವರು ಶಾಸಕರಾದರೆ ಅವರ ಕಚೇರಿ ಹೇಗಿರುತ್ತದೆ?

ನಮ್ಮ ಶಾಸಕರ ಕಚೇರಿಗೆ ಹೋಗಬೇಕು ಅಂತಿದ್ದರೆ ಬೆಳಗ್ಗೆ ಆರೂವರೆಗೆ ಹೋಗಿ. ಹತ್ತು ಗಂಟೆ ಮೇಲೆ ಹೋದರೆ ಸಿಗುವುದು ಬೇರೆಯೇ ಕಚೇರಿ. ಅದೇ ಕಟ್ಟಡ, ಅದೇ ಕುರ್ಚಿಗಳು, ಆದರೆ ಕೆಲಸ ಆಗುವ ರೀತಿಯೇ ಬೇರೆ. ಈ ಕಚೇರಿಯನ್ನು ನಾನು ಸುಮಾರು ವರ್ಷಗಳಿಂದ ನೋಡುತ್ತಿದ್ದೇನೆ. ನಮ್ಮ ಓಣಿಯ ಹೆಂಗಸರಿಗೆ ಅರ್ಜಿ ಬರೆದುಕೊಡುವುದು, ಜೊತೆಗೆ ಹೋಗುವುದು ನನ್ನ ಅಭ್ಯಾಸ. ಹಾಗಾಗಿ ಚೆನ್ನಾಗಿರುವುದನ್ನೂ ಹಾಳಾಗುತ್ತಿರುವುದನ್ನೂ ಎರಡನ್ನೂ ಬರೆಯುತ್ತೇನೆ. ಶಾಸಕರ ಹೆಸರು, ಪಕ್ಷ ಎರಡೂ ಬರೆಯುವುದಿಲ್ಲ. ಬರೆದರೆ ಎಲ್ಲರೂ ಪಕ್ಷದ ಬಗ್ಗೆ ಜಗಳ ಆಡುತ್ತಾರೆ, ಕಚೇರಿಯ ಮಾತು ಅಲ್ಲಿಗೇ ನಿಲ್ಲುತ್ತದೆ.

ಮೊದಲು ಅವರ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಕಚೇರಿ ಹೀಗಿರುವುದಕ್ಕೆ ಅದೇ ಕಾರಣ. ನಮ್ಮದು ಮಧ್ಯ ಕರ್ನಾಟಕದ ಮೆಕ್ಕೆಜೋಳದ ತಾಲ್ಲೂಕು. ಇವರು ಇಲ್ಲಿನ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿಯಾಗಿದ್ದವರು. ಅವರ ಅಪ್ಪನೂ ಹಮಾಲಿ. ಲಾರಿಗೆ ಮೂಟೆ ಹತ್ತಿಸಿ, ಇಳಿಸಿ, ಸೀಸನ್‌ನಲ್ಲಿ ರಾತ್ರಿಯೆಲ್ಲ ಅಲ್ಲೇ ಮಲಗಿದವರು. ಆಮೇಲೆ ಹಮಾಲರ ಸಂಘದ ಕಾರ್ಯದರ್ಶಿ ಆದರು. ಕೂಲಿ ದರಕ್ಕಾಗಿ ಮುಷ್ಕರ ಮಾಡಿಸಿದರು, ವರ್ತಕರ ಜೊತೆ ಕೂತು ಮಾತಾಡಿ ಬಗೆಹರಿಸಿದರು. ಅಲ್ಲಿಂದ ಪುರಸಭೆಗೆ ಹೋದರು. ವಿಧಾನಸಭೆಗೆ ಮೊದಲ ಸಲ ನಿಂತಾಗ ಠೇವಣಿಯೇ ಹೋಯಿತು. ಚಲಾವಣೆಯಾದ ಸಿಂಧು ಮತಗಳಲ್ಲಿ ಆರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಠೇವಣಿ ವಾಪಸ್ ಸಿಗುವುದಿಲ್ಲ. ಸಾಮಾನ್ಯ ಅಭ್ಯರ್ಥಿಗೆ ಅದು 10,000 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 5,000. ದೊಡ್ಡವರಿಗೆ ಅದು ಲೆಕ್ಕಕ್ಕೇ ಇಲ್ಲ. ಇವರ ಠೇವಣಿ ದುಡ್ಡು ಹಮಾಲರು ತಮ್ಮ ಕೂಲಿಯಲ್ಲಿ ಎತ್ತಿಟ್ಟು ಕೊಟ್ಟಿದ್ದು. ಅದು ಹೋದಾಗ ಯಾರೂ ಬೈಯಲಿಲ್ಲ, ಮುಂದಿನ ಸಲಕ್ಕೆ ಮತ್ತೆ ಕೂಡಿಸಿದರು. ಆ ಸಲ ಗೆದ್ದರು. ಈಗ ಎರಡನೇ ಅವಧಿ.

ಇಂಥವರು ನಮ್ಮ ರಾಜ್ಯದಲ್ಲಿ ಇವರೊಬ್ಬರೇ ಅಲ್ಲ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಜೋರಾಗಿದ್ದ ಕಾಲದಲ್ಲಿ ಗಿರಣಿ ಕಾರ್ಮಿಕರ ಮುಖಂಡ ಪಂಪಾಪತಿ ಕಮ್ಯುನಿಸ್ಟ್ ಪಕ್ಷ ಸಿಪಿಐನಿಂದ ಶಾಸಕರಾಗಿದ್ದರು, ಈಗಲೂ ಹಳಬರು ಅವರ ಹೆಸರು ಹೇಳುತ್ತಾರೆ. ಸುಳ್ಯದಲ್ಲಿ ಎಸ್. ಅಂಗಾರ ಕೂಲಿ ಕೆಲಸದಿಂದ ಬಂದವರು, ಬಿಜೆಪಿಯಿಂದ 1994ರಿಂದ 2018ರವರೆಗೆ ಸತತ ಆರು ಸಲ ಗೆದ್ದರು, 2021ರಲ್ಲಿ ಮಂತ್ರಿಯಾದರು. ಎರಡು ಪಕ್ಷ, ಎರಡು ದಿಕ್ಕು. ಆದರೂ 224 ಸೀಟಿನ ಸದನದಲ್ಲಿ ಇಂಥ ಬದುಕು ಕಂಡವರು ಬೆರಳೆಣಿಕೆ. ವಿಧಾನಸಭೆ ಚುನಾವಣೆಗೆ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿಯೇ 40 ಲಕ್ಷ ರೂಪಾಯಿ. ಮೂಟೆ ಹೊತ್ತು ಬದುಕುವವರು ಆ ಕಡೆ ತಿರುಗಿ ನೋಡುವುದಾದರೂ ಹೇಗೆ?

ಈಗ ಬೆಳಗಿನ ಕಚೇರಿಯ ವಿಷಯ.

ಗೇಟಿನಲ್ಲಿ ಯಾರೂ ತಡೆಯುವುದಿಲ್ಲ. ಚಪ್ಪರದ ಕೆಳಗೆ ಬೆಂಚು ಹಾಕಿರುತ್ತಾರೆ. ಬಂದ ಕ್ರಮದಲ್ಲಿ ಕೂರಬೇಕು, ಅಷ್ಟೇ. ಕಾರಿನಲ್ಲಿ ಬಂದ ಕಂಟ್ರಾಕ್ಟರೂ ಅದೇ ಬೆಂಚಿನಲ್ಲಿ ಕೂತಿದ್ದನ್ನು ನಾನೇ ನೋಡಿದ್ದೇನೆ. ಶಾಸಕರ ಮುಂದೆ ಒಂದು ಉದ್ದ ನೋಟ್‌ಬುಕ್ ಇರುತ್ತದೆ, ಕಿರಾಣಿ ಅಂಗಡಿಯ ಖಾತೆ ಪುಸ್ತಕದಂಥದ್ದು. ಅದರಲ್ಲಿ ಅವರೇ ಬರೆಯುತ್ತಾರೆ: ಹೆಸರು, ಊರು, ಫೋನ್ ನಂಬರ್, ಏನಾಗಬೇಕು, ಯಾರಿಗೆ ಹೇಳಿದ್ದು. ಕೊನೆಯ ಕಾಲಂ ಖಾಲಿ. ಕೆಲಸ ಆದ ಮೇಲೆ ಅಲ್ಲಿ ಕೆಂಪು ಪೆನ್ನಿನಲ್ಲಿ ಗೆರೆ. ಮುಂದಿನ ಸಲ ಹೋದಾಗ ಹಳೇ ಪುಟ ತಿರುವಿ, "ಯವ್ವಾ, ನಿಂದು ಇನ್ನೂ ಆಗಿಲ್ಲಲ್ಲ, ಮತ್ತೆ ಹೋಗಿದ್ದೇನು?" ಅಂತ ಅವರೇ ಕೇಳುತ್ತಾರೆ. ನಾನು ಬೇರೆ ಎಷ್ಟೋ ಕಚೇರಿಗಳಿಗೆ ಹೋಗಿದ್ದೇನೆ. ಹಳೇ ಅರ್ಜಿಯನ್ನು ತಾವಾಗಿಯೇ ಕೇಳಿದವರನ್ನು ಬೇರೆಲ್ಲೂ ನೋಡಿಲ್ಲ.

ಆರೂವರೆ ಯಾಕೆ ಅಂದರೆ, ಎಂಟು ಗಂಟೆಗೆ ಕೂಲಿ ಶುರು. ಹತ್ತು ಗಂಟೆಗೆ ಕಚೇರಿ ತೆಗೆದರೆ ಕೂಲಿಯವರಿಗೆ ಒಂದು ದಿನದ ದುಡ್ಡು ಹೋಯಿತು ಅಂತಲೇ ಅರ್ಥ. ಇದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಷ್ಟು ಸಣ್ಣ ವಿಷಯ ಅಂತ ಅನಿಸಬಹುದು, ಆದರೆ ನಮ್ಮ ಓಣಿಯವರು ಇವರಿಗೆ ಓಟು ಹಾಕುವುದಕ್ಕೆ ರಸ್ತೆಗಿಂತ, ಭಾಷಣಕ್ಕಿಂತ ಇದೇ ದೊಡ್ಡ ಕಾರಣ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳ ಗಂಡ ಹಮಾಲಿ. ಲಾರಿ ಮೇಲಿಂದ ಬಿದ್ದು ತೀರಿಕೊಂಡರು. ಮನೆಯಲ್ಲಿ ಎರಡು ಮಕ್ಕಳು, ವಯಸ್ಸಾದ ಅತ್ತೆ. ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರಿಗೂ ಮನೆಗೆಲಸದವರಿಗೂ ಟೈಲರ್‌ಗಳಿಗೂ ಚಿಂದಿ ಆಯುವವರಿಗೂ ಸ್ಮಾರ್ಟ್ ಕಾರ್ಡ್ ಕೊಡುತ್ತಾರೆ. ಕಾರ್ಡ್ ಇದ್ದವರು ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 1 ಲಕ್ಷ ರೂಪಾಯಿ, ಸಹಜವಾಗಿ ತೀರಿಕೊಂಡರೆ ಅಂತ್ಯಕ್ರಿಯೆಗೆ 10,000. ಆಕೆಗೆ ಕಾರ್ಡ್ ಇದ್ದದ್ದೇ ಗೊತ್ತಿರಲಿಲ್ಲ. ನಾವು ಹೋಗಿ ಕೂತ ತಕ್ಷಣ ಶಾಸಕರು ಮೊದಲು ಕೇಳಿದ್ದೇ "ಕಾರ್ಡ್ ಮಾಡಿಸಿದ್ದನಾ? ಟ್ರಂಕಿನಲ್ಲಿ ನೋಡಿ." ಎರಡನೇ ಪ್ರಶ್ನೆ, "ಎಫ್‌ಐಆರ್ ಆಗಿದೆಯಾ, ಪೋಸ್ಟ್‌ಮಾರ್ಟಂ ವರದಿ ಕೈಗೆ ಬಂದಿದೆಯಾ?" ಕಾರ್ಡ್ ಟ್ರಂಕಿನಲ್ಲೇ ಇತ್ತು, ಪ್ಲಾಸ್ಟಿಕ್ ಕವರ್ ಒಳಗೆ, ಮಕ್ಕಳ ಟಿಸಿ ಜೊತೆ. ಆಮೇಲೆ ಕಾರ್ಮಿಕ ನಿರೀಕ್ಷಕರಿಗೆ ಸ್ಪೀಕರ್ ಫೋನಿನಲ್ಲೇ ಕರೆ ಮಾಡಿದರು, ಆಕೆಗೂ ಕೇಳಿಸುವ ಹಾಗೆ. ದುಡ್ಡು ಬರುವುದಕ್ಕೆ ತಿಂಗಳುಗಟ್ಟಲೆ ಹಿಡಿಯಿತು, ಒಂದು ಕಾಗದಕ್ಕೆ ಅಂತ ಮತ್ತೆ ಮತ್ತೆ ಓಡಾಡಿಸಿದರು. ಆದರೆ ಬಂತು. ಮಧ್ಯದಲ್ಲಿ ಯಾರಿಗೂ ಒಂದು ರೂಪಾಯಿ ಕೊಡಲಿಲ್ಲ. ಹಮಾಲಿ ಮನೆಯ ಟ್ರಂಕಿನಲ್ಲಿ ಯಾವ ಕಾಗದ ಇರುತ್ತದೆ, ಎಲ್ಲಿ ಇರುತ್ತದೆ ಅಂತ ಗೊತ್ತಿರುವ ಶಾಸಕರು ಸಿಗುವುದು ಅಪರೂಪ. ನಾನು ಈ ಕಚೇರಿಗೆ ಮಾರ್ಕ್ಸ್ ಕೊಡುವುದಿದ್ದರೆ ಇದೊಂದಕ್ಕೇ ಅರ್ಧಕ್ಕಿಂತ ಜಾಸ್ತಿ ಕೊಡುತ್ತೇನೆ.

ಪಿಂಚಣಿ ವಿಷಯದಲ್ಲೂ ಚೆನ್ನಾಗಿ ನಡೆಯುತ್ತದೆ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ. ಆಧಾರ್‌ನಲ್ಲಿ ವಯಸ್ಸು ತಪ್ಪಾಗಿ ನಿಂತುಹೋದ ಅಜ್ಜಿಯರು ನಮ್ಮಲ್ಲಿ ತುಂಬಾ ಜನ. ಅಂಥವರನ್ನು ಕರೆದುಕೊಂಡು ನಾಡಕಚೇರಿಗೆ ಹೋಗಲು ಕಚೇರಿಯಲ್ಲೇ ಒಬ್ಬ ಹುಡುಗನನ್ನು ಇಟ್ಟಿದ್ದಾರೆ. ಅವನಿಗೆ ತಾಳ್ಮೆ ಇದೆ, ಅಜ್ಜಿಯರಿಗೆ ಗದರುವುದಿಲ್ಲ.

ಸರ್ಕಾರಿ ಜಮೀನು ಉಳುತ್ತಿರುವವರ ಅರ್ಜಿ ನೋಡುವ ಬಗರ್ ಹುಕುಂ ಸಮಿತಿಗೆ, ಮನೆ ಇಲ್ಲದವರಿಗೆ ಸೈಟು ಕೊಡುವ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಇಲ್ಲಿ ನನಗೆ ಅಷ್ಟು ಸಮಾಧಾನ ಇಲ್ಲ. ಸೈಟಿನ ಪಟ್ಟಿಯಲ್ಲಿ ಅರ್ಹರು ಇದ್ದಾರೆ, ನಿಜ. ಜೊತೆಗೆ ಪುರಸಭೆ ಸದಸ್ಯರ ಹಿಂದೆ ಓಡಾಡುವವರೂ ಇದ್ದಾರೆ. ಕೇಳಿದರೆ "ಸಮಿತಿಯಲ್ಲಿ ನಾನೊಬ್ಬನೇ ಇಲ್ಲಲ್ಲ ಅಕ್ಕ" ಅಂದರು. ಅಧ್ಯಕ್ಷರು ಹಾಗೆ ಹೇಳಬಾರದು ಅಂತ ಅವರ ಮುಖಕ್ಕೇ ಹೇಳಿದೆ. ಸಿಟ್ಟಾಗಲಿಲ್ಲ, ಆದರೆ ಪಟ್ಟಿಯೂ ಬದಲಾಗಲಿಲ್ಲ.

ಹತ್ತು ಗಂಟೆ ಆದ ಮೇಲಿನ ಕಚೇರಿ ಪಿಎಗಳ ಕಚೇರಿ. ಮೊದಲ ಅವಧಿಯಲ್ಲಿ ಒಬ್ಬ ಪಿಎ ಇದ್ದರು, ಅವರೂ ಸಂಘದವರೇ. ಈಗ ನಾಲ್ಕೈದು ಜನ, ಯಾರು ಯಾವ ಕೆಲಸಕ್ಕೆ ಅಂತಲೇ ಗೊತ್ತಾಗುವುದಿಲ್ಲ. ಶಿಫಾರಸು ಪತ್ರ ಕೇಳಿದರೆ ಮೊದಲೇ ಸಹಿ ಮಾಡಿಟ್ಟ ಲೆಟರ್‌ಹೆಡ್ ಮೇಲೆ ಅದೇ ನಾಲ್ಕು ಸಾಲು ಟೈಪ್ ಮಾಡಿ ಕೊಡುತ್ತಾರೆ. ಎಲ್ಲರಿಗೂ ಕೊಟ್ಟರೆ ಆ ಪತ್ರಕ್ಕೆ ಬೆಲೆ ಎಲ್ಲಿ ಉಳಿಯುತ್ತದೆ? ಅಧಿಕಾರಿಗಳು ಅದನ್ನು ಓದುವುದೂ ಇಲ್ಲ, ಫೈಲಿಗೆ ಸೇರಿಸಿಬಿಡುತ್ತಾರೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಆಸ್ಪತ್ರೆ ಎಸ್ಟಿಮೇಟ್ ಹಿಡಿದು ಬಂದವರನ್ನು ಮಧ್ಯಾಹ್ನದವರೆಗೆ ಕೂರಿಸಿದ್ದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು. ರೋಗಿ ಐಸಿಯುನಲ್ಲಿದ್ದಾಗ ಮನೆಯವರಿಗೆ ಒಂದೊಂದು ಗಂಟೆಯೂ ಭಾರ. ಶಾಸಕರು ಬೆಂಗಳೂರಿಗೆ ಹೋದ ದಿನ ಬೆಳಗಿನ ಬೆಂಚೂ ಇರುವುದಿಲ್ಲ, ನೋಟ್‌ಬುಕ್ಕೂ ಹೊರಗೆ ಬರುವುದಿಲ್ಲ. ಬೆಂಗಳೂರು ಓಡಾಟ ವರ್ಷ ವರ್ಷಕ್ಕೆ ಜಾಸ್ತಿಯಾಗುತ್ತಿದೆ. ಅಂದರೆ ಇಷ್ಟು ವರ್ಷದಲ್ಲಿ ಕಟ್ಟಿದ್ದು ಒಬ್ಬ ಮನುಷ್ಯನ ಒಳ್ಳೆಯತನದ ಮೇಲೆ ನಿಂತಿದೆ, ವ್ಯವಸ್ಥೆಯಾಗಿ ಇನ್ನೂ ನಿಂತಿಲ್ಲ. ನನ್ನ ದೊಡ್ಡ ದೂರು ಇದೇ.

ದುಡ್ಡಿನ ಬಗ್ಗೆ ಜನ ಏನೇನೋ ಮಾತಾಡುತ್ತಾರೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ. ಅದು ಅವರ ಕೈಗೆ ಬರುವ ದುಡ್ಡಲ್ಲ. ಇವರು ಕಾಮಗಾರಿ ಸೂಚಿಸಬೇಕು, ಹಣ ಜಿಲ್ಲಾಧಿಕಾರಿ ಮೂಲಕ ಹೋಗುತ್ತದೆ. ಒಂದು ತಾಲ್ಲೂಕಿಗೆ 2 ಕೋಟಿ ಅಂದರೆ ಏನೂ ಅಲ್ಲ. ಇವರು ಅದರಲ್ಲಿ ಯಾರ್ಡಿನ ಹತ್ತಿರ ಶೌಚಾಲಯ, ಹೆಂಗಸರಿಗೆ ಬಾಗಿಲು ಚಿಲಕ ಸರಿಯಾಗಿರುವ ಶೌಚಾಲಯ ಕಟ್ಟಿಸಿದರು. ಕಾಳು ಹಸನು ಮಾಡಲು ಬರುವ ಹೆಂಗಸರು ಅಲ್ಲಿಯವರೆಗೆ ಲಾರಿಗಳ ಹಿಂದೆ ಹೋಗುತ್ತಿದ್ದರು. ಸ್ವಾಗತ ಕಮಾನಿಗೆ ಹೋಗಬಹುದಾಗಿದ್ದ ದುಡ್ಡು ಇಲ್ಲಿ ಬಂತು.

2025ರ ಮಾರ್ಚ್‌ನಲ್ಲಿ ಶಾಸಕರ ಮೂಲ ಸಂಬಳ 40,000ದಿಂದ 80,000ಕ್ಕೆ ಏರಿಸಿದಾಗ ಎಲ್ಲರೂ ಬೈದರು. ನಾನು ಬೈಯಲಿಲ್ಲ. ಕಾಲೇಜು, ಕ್ವಾರಿ, ರಿಯಲ್ ಎಸ್ಟೇಟ್ ಇರುವವರಿಗೆ ಸಂಬಳ ಬೇಕಾಗಿಲ್ಲ. ಬೇರೆ ಆದಾಯ ಇಲ್ಲದವರು ಸದನದಲ್ಲಿ ನೆಟ್ಟಗೆ ನಿಲ್ಲಬೇಕು ಅಂದರೆ ಸಂಬಳ ಬೇಕೇ ಬೇಕು. ಇಲ್ಲದಿದ್ದರೆ ಮೂರನೇ ವರ್ಷಕ್ಕೆ ಯಾವನೋ ಕಂಟ್ರಾಕ್ಟರ್ ಮನೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಕೂಲಿ ಮನೆಯಿಂದ ಶಾಸಕರು ಬರಲಿ ಅನ್ನುವವರು ಈ ಮಾತನ್ನೂ ಒಪ್ಪಬೇಕು ಅಲ್ವಾ? ಜೊತೆಗೆ ಅಫಿಡವಿಟ್ಟನ್ನೂ ಓದಬೇಕು. ನಾಮಪತ್ರದ ಜೊತೆ ಫಾರಂ 26ರಲ್ಲಿ ಆಸ್ತಿ, ಸಾಲ, ಕೇಸು, ಓದು, ಆದಾಯದ ಮೂಲ ಎಲ್ಲ ಬರೆದು ಕೊಡಬೇಕು. ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನಮ್ಮ ಶಾಸಕರ ಎರಡು ಚುನಾವಣೆಯ ಅಫಿಡವಿಟ್ ಪಕ್ಕಪಕ್ಕ ಇಟ್ಟು ಓದಿದೆ. ಮನೆ ಮೇಲೆ ಮೊದಲ ಮಹಡಿ ಬಂದಿದೆ, ಒಂದು ಕಾರು ಬಂದಿದೆ, ಕಾರಿಗೆ ಬ್ಯಾಂಕ್ ಸಾಲವೂ ಇದೆ. ಹೆಂಡತಿ ಹೆಸರಲ್ಲಿ ಒಂದು ಸೈಟು. ಇಷ್ಟಕ್ಕೆ ನನ್ನ ತಕರಾರಿಲ್ಲ. ಮುಂದಿನ ಚುನಾವಣೆಯಲ್ಲೂ ಓದುತ್ತೇನೆ.

ಸದನದಲ್ಲಿ ಇವರು ಸಾಲದು. ಅಧಿವೇಶನದ ಪ್ರಸಾರ ಬಂದಾಗ ನಾನು ಕಾದು ನೋಡುತ್ತೇನೆ. ಮಾತಾಡುವುದೇ ಕಡಿಮೆ. ಪ್ರಶ್ನೆ ಕೇಳುತ್ತಾರೆ, ಆದರೆ ಹೆಚ್ಚಾಗಿ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು, ಅಂದರೆ ಉತ್ತರ ಕಾಗದದಲ್ಲಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ಉತ್ತರ ಹೇಳಬೇಕು, ಇವರು ಉಪಪ್ರಶ್ನೆ ಕೇಳಬಹುದು. ಬೆಳಗ್ಗೆ ಬೆಂಚಿನ ಮುಂದೆ ಕೂತು "ಎಫ್‌ಐಆರ್ ಆಗಿದೆಯಾ, ಕಾರ್ಡ್ ಎಲ್ಲಿ?" ಅಂತ ಪಟಪಟ ಕೇಳುವ ಮನುಷ್ಯನಿಗೆ ಉಪಪ್ರಶ್ನೆ ಕಷ್ಟವೇ? ಇಂಗ್ಲಿಷ್ ಬರುವುದಿಲ್ಲ ಅನ್ನುವ ಅಳುಕು ಅವರಿಗಿದೆ ಅಂತ ಹತ್ತಿರದವರು ಹೇಳುತ್ತಾರೆ. ಅದು ಕರ್ನಾಟಕದ ಸದನ. ಅಲ್ಲಿ ನಮ್ಮ ಕನ್ನಡ ಧಾರಾಳವಾಗಿ ಸಾಕು. 2020ರಲ್ಲಿ ಎಪಿಎಂಸಿ ಕಾಯ್ದೆಗೆ ತಿದ್ದುಪಡಿ ತಂದು ಯಾರ್ಡಿನ ಹೊರಗೂ ಖರೀದಿ ಮಾಡಬಹುದು ಅಂತ ಮಾಡಿದಾಗ ಯಾರ್ಡಿಗೆ ಬರುವ ಮೂಟೆ ಕಡಿಮೆಯಾಯಿತು. ರೈತರಿಗೆ ಏನಾಯಿತು ಅಂತ ಎಲ್ಲರೂ ಚರ್ಚೆ ಮಾಡಿದರು. ಹಮಾಲರಿಗೆ ಏನಾಯಿತು ಅಂತ ಕೇಳುವವರು ಕಾಣಲಿಲ್ಲ. ಸದನದಲ್ಲಿ ಅದನ್ನು ತಾನೇ ಕಂಡು ಹೇಳಬಲ್ಲವರು ಇವರು. ಇವರು ಹೇಳದಿದ್ದರೆ ಇನ್ನು ಯಾರು ಹೇಳುತ್ತಾರೆ? ಮುಂದಿನ ಅಧಿವೇಶನಕ್ಕೆ ಹಮಾಲರ ಪಿಂಚಣಿ ಬಗ್ಗೆ ಚುಕ್ಕೆ ಗುರುತಿನ ಪ್ರಶ್ನೆ ಹಾಕಿ ಅಂತ ನಾವು ಕೆಲವರು ಬರೆದು ಕೊಟ್ಟಿದ್ದೇವೆ. ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದಾರೆ.

ಹೋಗುವವರಿಗೆ ಇನ್ನಷ್ಟು. ಅಧಿವೇಶನ ಇದೆಯಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೋಗಿ. ವರ್ಗಾವಣೆಗೆ, ಕೆಲಸ ಕೊಡಿಸಿ ಅನ್ನುವುದಕ್ಕೆ ಸುಮ್ನೆ ಹೋಗಬೇಡಿ, ಅಲ್ಲಿ ಆಗುವುದಿಲ್ಲ ಅಂತ ನೇರವಾಗಿ ಹೇಳಿಬಿಡುತ್ತಾರೆ. ಪೊಲೀಸ್ ಠಾಣೆಯ ವಿಷಯಕ್ಕೂ ಕೈ ಹಾಕುವುದು ಕಡಿಮೆ. ಆಸ್ಪತ್ರೆ ಖರ್ಚಿಗೆ ಹೋಗುವುದಾದರೆ ಎಸ್ಟಿಮೇಟ್, ಬಿಪಿಎಲ್ ಕಾರ್ಡ್, ಆಧಾರ್ ಮೂರರದ್ದೂ ಎರಡೆರಡು ಜೆರಾಕ್ಸ್ ಇರಲಿ, ಪಿಎ ಕೈಗೆ ಕೊಡುವ ಬದಲು ಬೆಳಗ್ಗೆಯೇ ಶಾಸಕರ ಮುಂದೆ ಇಡಿ. ನಿಮ್ಮ ಹೆಸರು, ನಂಬರ್ ನೋಟ್‌ಬುಕ್‌ಗೆ ಏರಿತಾ ಅಂತ ನೋಡಿಕೊಂಡೇ ಎದ್ದು ಬನ್ನಿ.