ಮಳೆಗಾಲದಲ್ಲಿ ಮಕ್ಕಳ ಕೈಗೆ ಯಾವುದು: ಹುಲಿ ಮುಖವಾಡ, ಕ್ಲೇ, ಕಾವಿ ಚಿತ್ರ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾವಿ ಚಿತ್ರಕ್ಕೆ, ಅಂದರೆ ಕೆಂಪು ಬಣ್ಣವನ್ನು ಗೀರಿ ಅಡಿಯ ಬಿಳಿಯನ್ನು ತೋರಿಸುವ ಚಿತ್ರಕ್ಕೆ. ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಪ್ರತಿ ಶನಿವಾರ ಒಂದರಿಂದ ಐದನೇ ಕ್ಲಾಸಿನ 12 ಮಕ್ಕಳು ಸೇರುತ್ತಾರೆ. ಈ ಮಳೆಗಾಲದಲ್ಲಿ ಅವರ ಜೊತೆ ಮೂರನ್ನೂ ಮಾಡಿ ನೋಡಿದೆ.

ಕೃಷ್ಣಾಷ್ಟಮಿ ಹತ್ತಿರ ಬಂದಿತ್ತು. ಅದರ ಮರುದಿನದ ವಿಟ್ಲಪಿಂಡಿ ಉತ್ಸವದ ಹುಲಿವೇಷಕ್ಕೆ ಕಾಯುವ ಮಕ್ಕಳಿಗೆ ಹುಲಿಯ ಮುಖ ಬಿಟ್ಟು ಬೇರೇನೂ ಬೇಡ. ಬಲೂನು ಊದಿ, ಪೇಪರ್ ಚೂರುಗಳನ್ನು ಮೈದಾ ಅಂಟಿನಲ್ಲಿ ಅದ್ದಿ, ಒಂದೇ ದಿನ ಆರು ಪದರ ಅಂಟಿಸಿದೆವು. ತಪ್ಪಿದ್ದು ಅಲ್ಲೇ. ಹೊರಗೆ ಬಿಡದ ಮಳೆ. ಎರಡು ದಿನ ಫ್ಯಾನಿನ ಕೆಳಗೆ ಇಟ್ಟೆ. ಮುಟ್ಟಿದರೆ ಒಣಗಿದ ಹಾಗೆ, ಹೆಬ್ಬೆರಳಲ್ಲಿ ಒತ್ತಿದರೆ ಮೆತ್ತಗೆ ಕುಸಿಯುತ್ತಿತ್ತು. ಮೇಲಿನ ಪದರ ಮೊದಲು ಗಟ್ಟಿಯಾಗಿ ಒಳಗಿನ ನೀರಿಗೆ ದಾರಿಯೇ ಇರಲಿಲ್ಲ. ಬಚ್ಚಲಿನ ಒಲೆಯ ಪಕ್ಕ ಇಟ್ಟರೆ ಬಿಸಿಗೆ ಎರಡು ಬಲೂನು ಒಡೆದು, ಹಸಿ ಮುಖ ಸೊಟ್ಟಗಾಯಿತು.

ಮುಂದಿನ ಶನಿವಾರ ಮೂರನೇ ಕ್ಲಾಸಿನ ಹುಡುಗಿ ತನ್ನದನ್ನು ಮಗುಚಿ ನೋಡಿ, "ಟೀಚರ್, ಹುಲಿಗೆ ಬೂಸ್ಟು ಬಂದಿದೆ" ಅಂದಳು. ಗಲ್ಲದ ಒಳಗೆ ಬೂದು ಹತ್ತಿಯ ಹಾಗೆ ಬೆಳೆದಿತ್ತು. ಹುಳಿ ವಾಸನೆ ಬೇರೆ. ಮುಖಕ್ಕೆ ಕಟ್ಟಿಕೊಳ್ಳುವ ವಸ್ತು ಅಲ್ವಾ? ಹನ್ನೆರಡನ್ನೂ ಬಿಸಾಡಿದೆ. ಅವಳ ಕಣ್ಣು ತುಂಬಿದ್ದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ನಾನೇ ಒಂದು ಮಾಡಿ ನೋಡಿದೆ. ದಿನಕ್ಕೆ ಎರಡೇ ಪದರ, ಅಂಟಿಗೆ ಒಂದು ಚಮಚ ಉಪ್ಪು. ಬೂಸ್ಟು ಬರಲಿಲ್ಲ. ಆದರೆ ವಾರಕ್ಕೊಮ್ಮೆ ಬರುವ ಮಕ್ಕಳಿಗೆ ಇದು ಹೊಂದುವುದಿಲ್ಲ.

ಅಂಗಡಿಯ ಕ್ಲೇ ಅಂದರೆ ಒಂದು, ಎರಡನೇ ಕ್ಲಾಸಿನವರಿಗೆ ತುಂಬಾ ಖುಷಿ. ಆದರೆ ದುಡ್ಡು ಜಾಸ್ತಿ, ಒಡೆದ ಪ್ಯಾಕೆಟ್ಟು ಮುಂದಿನ ವಾರಕ್ಕೆ ಕಲ್ಲು.

ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಕಾವಿ ಚಿತ್ರ ನೋಡಿರಬಹುದು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಗೀರಿ ಗೀರಿ ಬಿಳಿಯನ್ನು ಹೊರಗೆ ತರುವ ಕೆಲಸ. ಬಣ್ಣ ಎರಡೇ. ನಾವು ಗಾರೆಯ ಬದಲು ದಪ್ಪ ಡ್ರಾಯಿಂಗ್ ಹಾಳೆಗೆ ಬಿಳಿ ಆಯಿಲ್ ಪೇಸ್ಟಲ್ ತಿಕ್ಕಿದೆವು. ಮಕ್ಕಳ ಡಬ್ಬಿಯಲ್ಲಿ ಬಿಳಿ ಕಡ್ಡಿ ಯಾವಾಗಲೂ ಹೊಸದರ ಹಾಗೇ ಉಳಿದಿರುತ್ತದೆ, ಹಾಗಾಗಿ ಅದಕ್ಕೆ ಖರ್ಚಿಲ್ಲ. ಅದರ ಮೇಲೆ ಇಟ್ಟಿಗೆ ಕೆಂಪು ಪೋಸ್ಟರ್ ಕಲರ್. ಸುಮ್ನೆ ಬಳಿದರೆ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಜಾರುತ್ತದೆ. ಬಣ್ಣಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ, ಕೂತುಕೊಳ್ಳುತ್ತದೆ. ಫ್ಯಾನಿನ ಕೆಳಗೆ ಅರ್ಧ ಗಂಟೆ ಸಾಕು. ಗೀರಲು ಹಿಡಿಸೂಡಿ (ಪೊರಕೆ) ಕಡ್ಡಿ.

ಮೂರನೆಯವರು ಬಳ್ಳಿ, ಎಲೆ ಗೀರಿದರು. ನಾಲ್ಕು, ಐದನೆಯವರು ಕೈವಾರ ಹಿಡಿದು ವೃತ್ತದೊಳಗೆ ಹೂವಿನ ದಳ ಕೂರಿಸಿದರು. ಚಿಕ್ಕವರ ಕೈಗೆ ಪೇಸ್ಟಲ್ ಒತ್ತಿ ತಿಕ್ಕುವ ಬಲ ಸಾಲುವುದಿಲ್ಲ. ಅವರಿಗೆ ಅದೇ ಕೆಂಪು ಬಣ್ಣದಲ್ಲಿ ಬೆಂಡೆಕಾಯಿ ಅಚ್ಚು ಕೊಟ್ಟೆ. ಎಲ್ಲರೂ ಅವತ್ತೇ ಚಿತ್ರ ಮನೆಗೆ ಒಯ್ದರು.

ಮುಖವಾಡವನ್ನು ಬಿಟ್ಟಿಲ್ಲ. ಡಿಸೆಂಬರಿನಲ್ಲಿ, ಅಂಗಳದಲ್ಲಿ ಅಡಿಕೆ ಒಣಗಿಸುವ ಬಿಸಿಲು ಬಂದಾಗ, ಮೊದಲ ಹುಲಿ ಅವಳದ್ದೇ ಅಂತ ಆ ಹುಡುಗಿಗೆ ಮಾತು ಕೊಟ್ಟಿದ್ದೇನೆ.