ಪವರ್ ಬಟನ್ ಮೇಲೊಂದು ಟಿಕ್ಲಿ: 3 ವರ್ಷ ಬಳಸಿದ ಲ್ಯಾಪ್‌ಟಾಪ್ ಬಗ್ಗೆ

ಈ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ ಇಲ್ಲಿ ಹುಡುಕಬೇಡಿ. ಅದೆಲ್ಲ ಡಬ್ಬದ ಮೇಲೇ ಇದೆ. ನಾನು ಬರೆಯಲು ಕೂತಿದ್ದು ಕೀಬೋರ್ಡಿನ ಬಲಗಡೆಯ ಮೇಲಿನ ಮೂಲೆ ಬಗ್ಗೆ. ಅಲ್ಲಿ ಮೂರು ಕೀ ಸಾಲಾಗಿ ಕೂತಿವೆ. ಪ್ರಿಂಟ್ ಸ್ಕ್ರೀನ್, ಪವರ್, ಡಿಲೀಟ್. ಮೂರೂ ಒಂದೇ ಅಳತೆ, ಒಂದೇ ಬಣ್ಣ, ಒತ್ತಿದರೆ ಒಂದೇ ಸದ್ದು. ಇದನ್ನು ಹೀಗೆ ಜೋಡಿಸಿದ ಪುಣ್ಯಾತ್ಮರು ಜನ್ಮದಲ್ಲಿ ಅವಸರದಲ್ಲಿ ಒಂದು ಸ್ಕ್ರೀನ್‌ಶಾಟ್ ತೆಗೆದಿರಲಿಕ್ಕಿಲ್ಲ.

ನಾನು ದಿನಕ್ಕೆ ಇಪ್ಪತ್ತು, ಮೂವತ್ತು ತೆಗೆಯುತ್ತೇನೆ. ರಿಪ್ಪನ್‌ಪೇಟೆಯಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಅಂಗಡಿ. ಪಹಣಿ ತೆಗೆದುಕೊಡುವುದು, ಸೇವಾಸಿಂಧು ಅರ್ಜಿ, ಸ್ಕಾಲರ್‌ಶಿಪ್, ಪರೀಕ್ಷೆ ಫೀಸು, ಕರೆಂಟ್ ಬಿಲ್ಲು. ಸಂಜೆ ಹೊತ್ತಿಗೆ ಯಾರಾದರೂ ಬಂದು ‘ಇವತ್ತು ಅಡಿಕೆ ರೇಟು ಎಷ್ಟಾಯ್ತು, ರಾಶಿ ಎಷ್ಟು, ಬೆಟ್ಟೆ ಎಷ್ಟು’ ಅಂತ ಕೇಳಿದರೆ ಅದನ್ನೂ ನೋಡಿ ಹೇಳುವುದು. 41 ಸಾವಿರ ಕೊಟ್ಟು ಶಿವಮೊಗ್ಗದ ನೆಹರೂ ರಸ್ತೆಯಿಂದ ತಂದೆ. ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದೆ.

ಇಷ್ಟೊಂದು ಸ್ಕ್ರೀನ್‌ಶಾಟ್ ಯಾಕೆ ಅಂತ ಬೆಂಗಳೂರಿನವರು ಕೇಳಬಹುದು. ನಮ್ಮಲ್ಲಿ ಜೂನಿನಿಂದ ಗಾಳಿಮಳೆ. ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದರೆ ಆಯ್ತು, ಕರೆಂಟ್ ಹೋಯ್ತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ಮೋಡೆಮ್ ಸತ್ತಿರುತ್ತದೆ. (ಯುಪಿಎಸ್ ಇದೆ. ಅದರ ಬ್ಯಾಟರಿ ಹೋಗಿದೆ. ಹೊಸದು ಹಾಕಿಸಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ.) ಆಗ ಪರದೆ ಮೇಲೆ ಏನು ನಿಂತಿದೆಯೋ ಅಷ್ಟೇ ನಮ್ಮದು. ಹಾಗಾಗಿ ದುಡ್ಡು ಕಟ್ಟಿದ ಪುಟ ಬಂದ ಕೂಡಲೇ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಪ್ರಿಂಟು.

ಎರಡನೇ ಮಳೆಗಾಲದಲ್ಲಿ ಆಗಿದ್ದು ಕೇಳಿ. ಒಂದು ಪರೀಕ್ಷೆಯ ಅರ್ಜಿಗೆ ಅವತ್ತೇ ಕೊನೇ ದಿನ. ಹಳ್ಳಿಯಿಂದ ಮಧ್ಯಾಹ್ನದ ಬಸ್ಸಿಗೆ ತಾಯಿ, ಮಗ ಬಂದಿದ್ದರು. ಇಬ್ಬರ ಕೊಡೆಯಿಂದಲೂ ನೀರು ಸೋರಿ ಅಂಗಡಿಯೆಲ್ಲ ಒದ್ದೆ. ಅರ್ಜಿ ತುಂಬಿ, ದುಡ್ಡು ಕಟ್ಟಿ, ಹಸಿರು ಟಿಕ್ ಗುರುತು ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ ‘10 ಸೆಕೆಂಡಿನಲ್ಲಿ ಹಿಂದಿನ ಪುಟಕ್ಕೆ’ ಅಂತ ಇತ್ತು. ನನ್ನ ಬೆರಳು ಅಭ್ಯಾಸಬಲದಿಂದ ಮೂಲೆಗೆ ಹೋಯ್ತು. ಒತ್ತಿದೆ. ಪರದೆ ಕಪ್ಪಗಾಯ್ತು.

ಪ್ರಿಂಟ್ ಸ್ಕ್ರೀನ್ ಬದಲು ಪವರ್ ಒತ್ತಿದ್ದೆ. ಲ್ಯಾಪ್‌ಟಾಪ್ ನಿದ್ದೆಗೆ ಹೋಗಿತ್ತು. ಎಬ್ಬಿಸಿ, ಪಿನ್ ಹಾಕಿ, ನೆಟ್ ಹಿಡಿಯುವಷ್ಟರಲ್ಲಿ ಸೆಷನ್ ಮುಗಿದಿದೆ ಅಂತ ಬಂತು. ಮೊಬೈಲಿಗೆ ದುಡ್ಡು ಕಡಿತವಾದ ಮೆಸೇಜು ಮಾತ್ರ ಬಂದಿದೆ. ಅರ್ಜಿ ನಂಬರ್ ಇಲ್ಲ, ರಸೀದಿ ಇಲ್ಲ. ಆ ತಾಯಿ ಬೈಯಲಿಲ್ಲ. ‘ಎಂತ ಆಯ್ತು ಅಕ್ಕ? ದುಡ್ಡು ಹೋಯ್ತಾ?’ ಅಂತ ಮೆಲ್ಲಗೆ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು. ಮತ್ತೆ ಲಾಗಿನ್ ಆಗಿ ನೋಡಿದರೆ ಫೀಸು ಬಾಕಿ ಅಂತಲೇ ತೋರಿಸುತ್ತಿತ್ತು. ನನ್ನ ಕೈಯಿಂದ ಇನ್ನೊಂದು ಸಲ ಕಟ್ಟಿದೆ. ಮೊದಲನೆಯದು ಒಂಬತ್ತು ದಿನ ಬಿಟ್ಟು ಅವರ ಖಾತೆಗೆ ವಾಪಸ್ ಬಂತು. ಅವರು ಅದನ್ನು ತಂದು ಕೊಟ್ಟು, ಜೊತೆಗೆ ಒಂದು ಚೀಲ ಕೆಸುವಿನ ಎಲೆ ಇಟ್ಟುಹೋದರು.

ಅವತ್ತು ರಾತ್ರಿ ಈ ಕಂಪನಿಗೆ ಒಂದೇ ಸ್ಟಾರ್ ಕೊಟ್ಟು ಬರೆಯಬೇಕು ಅಂತ ಕೂತಿದ್ದೆ. ಬರೆಯದೆ ಬಿಟ್ಟಿದ್ದಕ್ಕೆ ಕಾರಣ ಪಕ್ಕದ ಹೋಟೆಲಿನವರ ಮಗಳು. ಶಿವಮೊಗ್ಗದಲ್ಲಿ ಬಿಸಿಎ ಓದುತ್ತಾಳೆ. ನನ್ನ ಗೋಳು ಕೇಳಿ ‘ಅಕ್ಕ, ಆ ಮೂಲೆಗೆ ಯಾಕೆ ಹೋಗ್ತೀರಿ?’ ಅಂದಳು. ಮೊದಲು ಕಂಟ್ರೋಲ್ ಪ್ಯಾನೆಲ್ ತೆಗೆದು, ಪವರ್ ಆಪ್ಷನ್ಸ್ ಒಳಗೆ ಹೋಗಿ, ಪವರ್ ಬಟನ್ ಒತ್ತಿದರೆ ಏನೂ ಮಾಡಬೇಡ ಅಂತ ಮಾಡಿಟ್ಟಳು. ಈಗ ತಪ್ಪಿ ಒತ್ತಿದರೂ ಅದು ಸುಮ್ನೆ ಇರುತ್ತದೆ. ಒತ್ತಿ ಹಿಡಿದೇ ಇದ್ದರೆ ಮಾತ್ರ ಆಫ್ ಆಗುತ್ತದೆ. ಅಷ್ಟು ಬೇಕಲ್ವಾ, ಹ್ಯಾಂಗ್ ಆದಾಗ?

ಆಮೇಲೆ ಹೇಳಿಕೊಟ್ಟಿದ್ದು ವಿಂಡೋಸ್ ಕೀ, ಶಿಫ್ಟ್, ಎಸ್. ಮೂರೂ ಎಡಗಡೆ. ಬಲಗೈ ಮೌಸ್ ಬಿಡುವುದೇ ಬೇಡ. ಒತ್ತಿದರೆ ಪರದೆ ಸ್ವಲ್ಪ ಮಬ್ಬಾಗುತ್ತದೆ, ಬೇಕಾದಷ್ಟು ಜಾಗ ಮೌಸಿನಲ್ಲಿ ಎಳೆದರೆ ಅಷ್ಟೇ ಕತ್ತರಿಸಿ ಬರುತ್ತದೆ. ಇದು ವಿಂಡೋಸ್ 10ರಲ್ಲಿ 2017ರಿಂದಲೇ ಇತ್ತಂತೆ. ನಾನು ಅಷ್ಟು ವರ್ಷ ಪ್ರಿಂಟ್ ಸ್ಕ್ರೀನ್ ಒತ್ತಿ, ಪೇಂಟ್ ತೆರೆದು, ಪೇಸ್ಟ್ ಮಾಡಿ, ಅಂಚು ಕತ್ತರಿಸುತ್ತಾ ಕೂತಿದ್ದೆ.

ಅಲ್ಲಿಂದ ಈ ಯಂತ್ರದ ಮೇಲಿನ ಸಿಟ್ಟು ಇಳಿಯಿತು. ಈಗ ನನ್ನ ಕ್ರಮ ಹೀಗೆ. ರಸೀದಿ ಆದರೆ ಪೂರ್ತಿ ಪರದೆ ಹಿಡಿಯುತ್ತೇನೆ, ಕೆಳಗಿನ ಮೂಲೆಯ ಗಡಿಯಾರ, ತಾರೀಕು ಸಮೇತ. ಆಧಾರ್ ನಂಬರ್ ಕಾಣುವ ಪುಟ ಆದರೆ ಆ ಸಾಲು ಬಿಟ್ಟು ಉಳಿದಿದ್ದಷ್ಟೇ. ಆ ಮೂರು ಕೀ ಒತ್ತಿದಾಗ ಬರುವ ಸ್ನಿಪ್ಪಿಂಗ್ ಟೂಲ್ ಹಿಡಿದ ಚಿತ್ರವನ್ನು ಪಿಕ್ಚರ್ಸ್ ಫೋಲ್ಡರಿನ ಒಳಗೆ ತಾನೇ ಉಳಿಸುತ್ತದೆ, ಹೆಸರಿನಲ್ಲೇ ತಾರೀಕು, ಗಂಟೆ, ನಿಮಿಷ ಇರುತ್ತದೆ. ಸಂಜೆ ಬಾಗಿಲು ಹಾಕುವ ಮೊದಲು ಟೀ ಕುಡಿಯುತ್ತಾ ಒಂದೊಂದಕ್ಕೂ ಊರಿನ ಹೆಸರು ಸೇರಿಸುತ್ತೇನೆ. ಕೆಂಚನಾಲ, ಹುಂಚ, ಬಟ್ಟೆಮಲ್ಲಪ್ಪ. ಕೆಲಸ ಮುಗಿದವರದ್ದು ಅಳಿಸುತ್ತೇನೆ. ಇನ್ನೊಬ್ಬರ ಕಾಗದಪತ್ರ ನಮ್ಮ ಹತ್ತಿರ ಜಾಸ್ತಿ ದಿನ ಇರಬಾರದು.

ಹೋದ ವರ್ಷ ಒಬ್ಬ ಗೌಡರು ‘ನೀವು ನನ್ನ ಅರ್ಜಿ ಹಾಕಲೇ ಇಲ್ಲ ಮಾರಾಯ್ರೆ’ ಅಂತ ಜೋರು ಮಾಡಿಕೊಂಡು ಬಂದರು. ಫೋಲ್ಡರ್ ತೆಗೆದು ತೋರಿಸಿದೆ. ಅರ್ಜಿ ನಂಬರ್, ಮೂಲೆಯಲ್ಲಿ 11:52. ಕನ್ನಡಕ ಏರಿಸಿ ನೋಡಿದರು. ‘ಹೌದನಾ. ಅವತ್ತು ಹನ್ನೆರಡರ ಬಸ್ಸು ತಪ್ಪಿತ್ತು ನಂಗೆ’ ಅಂದರು. ಜಗಳ ಅಲ್ಲಿಗೆ ಮುಗಿಯಿತು. ಬಸ್ಸಿನವನನ್ನು ಬೈಯುವುದು ಶುರುವಾಯಿತು.

ಕಿರಿಕಿರಿ ಪೂರ್ತಿ ಹೋಗಿದೆ ಅಂತಲ್ಲ. ಸ್ಕ್ರೀನ್‌ಶಾಟ್ ಪಿಎನ್‌ಜಿ ಫೈಲಾಗಿ ಕೂರುತ್ತದೆ. ಅಪ್‌ಲೋಡ್ ಮಾಡುವ ಕಡೆ ಜೆಪೆಗ್ ಬೇಕು, 100 ಕೆಬಿ ಒಳಗೆ ಇರಬೇಕು ಅಂದರೆ ಮತ್ತೆ ಪೇಂಟಿಗೇ ಹೋಗಿ ಬೇರೆ ಮಾದರಿಯಲ್ಲಿ ಉಳಿಸಬೇಕು. ಉದ್ದದ ಪುಟ ಒಂದೇ ಪರದೆಗೆ ಹಿಡಿಯುವುದಿಲ್ಲ. ಅದಕ್ಕೆ ಫೈರ್‌ಫಾಕ್ಸಿನಲ್ಲಿ ತೆರೆದು, ಮೌಸಿನ ಬಲಬಟನ್ ಒತ್ತಿ ಪೂರ್ತಿ ಪುಟದ ಸ್ಕ್ರೀನ್‌ಶಾಟ್ ತೆಗೆಯುತ್ತೇನೆ. ಚಿತ್ರದಿಂದ ಅಕ್ಷರ ಎತ್ತಿಕೊಡುವ ಸೌಕರ್ಯವೂ ಸ್ನಿಪ್ಪಿಂಗ್ ಟೂಲಿನಲ್ಲಿ ಇದೆ. ಇಪ್ಪತ್ತು ಅಂಕಿಯ ಅರ್ಜಿ ನಂಬರ್ ಕೈಯಲ್ಲಿ ಟೈಪ್ ಮಾಡುವುದು ಅದರಿಂದ ತಪ್ಪಿದೆ. ಕನ್ನಡ ಹೆಸರುಗಳನ್ನು ಮಾತ್ರ ನಾನೇ ಟೈಪ್ ಮಾಡುತ್ತೇನೆ.

ಬ್ಯಾಟರಿ ಈಗ ಎರಡು ಗಂಟೆ ಬರುತ್ತದೆ, ಮೊದಲು ಐದು ಬರುತ್ತಿತ್ತು. ಪರದೆ ಪರವಾಗಿಲ್ಲ. ಸ್ಪೀಕರ್ ಇದೆ ಅನ್ನಬಹುದು. 41 ಸಾವಿರಕ್ಕೆ ನನ್ನ ಕೆಲಸಕ್ಕೆ ಸಾಕು, ಮೂರೂವರೆ ಸ್ಟಾರ್. ಮುಂದಿನ ಸಲ ಅಂಗಡಿಗೆ ಹೋದರೆ ಬೇರೇನೂ ಕೇಳುವ ಮೊದಲು ಮುಚ್ಚಳ ತೆಗೆಸಿ ಆ ಮೂಲೆ ನೋಡುತ್ತೇನೆ. ನೀವೂ ನೋಡಿ.

ಸೆಟ್ಟಿಂಗ್ ಬದಲಿಸಿದ್ದರೂ ನನ್ನ ಬೆರಳಿಗೆ ಧೈರ್ಯ ಬಂದಿರಲಿಲ್ಲ. ಅದಕ್ಕೆ ಪವರ್ ಕೀ ಮೇಲೆ ಒಂದು ಕೆಂಪು ಟಿಕ್ಲಿ ಅಂಟಿಸಿದ್ದೇನೆ. ಕುಂದಣದ ಹರಳಿರುವುದು, ಬೆರಳಿಗೆ ಚುಚ್ಚಿದಂತೆ ಗೊತ್ತಾಗಬೇಕು. ನೋಡಿದವರೆಲ್ಲ ‘ಇದೆಂತ, ಲ್ಯಾಪ್‌ಟಾಪಿಗೆ ಪೂಜೆ ಮಾಡಿದ್ದಾ?’ ಅಂತ ಕೇಳುತ್ತಾರೆ. ಮಳೆಗಾಲದ ಥಂಡಿಗೆ ಅಂಟು ನಿಲ್ಲುವುದಿಲ್ಲ. ಜೂನಿನಿಂದ ಈಚೆಗೆ ಇದು ನಾಲ್ಕನೆಯದು.