ನೀರೊಳಗಿನ ಗುರುತಿನ ದೀಪ: ನನ್ನ ಓಟು ಹಸಿರಿಗೇ

ನೀರೊಳಗೆ ಈಜುವಾಗ ಬೆನ್ನಿಗಿರುವ ಸ್ಕೂಬಾ ಸಿಲಿಂಡರಿಗೆ, ಜೊತೆಗಾರರಿಗೆ ಕಾಣಲೆಂದು ಕಟ್ಟುವ ಪುಟ್ಟ ಗುರುತಿನ ದೀಪ ಕೊಳ್ಳುವವರಿದ್ದರೆ ಹಸಿರನ್ನೇ ತಗೊಳ್ಳಿ. ಹುಬ್ಬಳ್ಳಿಯಿಂದ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಮುಳುಗುವ ನಮ್ಮ ಗುಂಪಿನಲ್ಲಿ ಕೆಂಪು, ನೀಲಿ, ಬಿಳಿ, ಹಸಿರು ನಾಲ್ಕೂ ಇದ್ದವು. ನಾಲ್ಕರ ಹಿಂದೆಯೂ ಈಜಿ ನೋಡಿದ್ದೇನೆ.

ಕೆಂಪು ಬೇಡವೇ ಬೇಡ. ನೀರು ಮೊದಲು ನುಂಗುವುದೇ ಆ ಬಣ್ಣವನ್ನು. ಇದು ಬರೀ ಆಳದ ಲೆಕ್ಕ ಅಂತ ತುಂಬಾ ಜನ ತಿಳಿದಿದ್ದಾರೆ. ದೀಪ ನಮ್ಮ ಜೊತೆಗೇ ಇಳಿಯುತ್ತದೆ ಅಲ್ವಾ? ಹಾಗಾಗಿ ದೀಪಕ್ಕೂ ನೋಡುವ ಕಣ್ಣಿಗೂ ನಡುವೆ ಎಷ್ಟು ನೀರಿದೆ ಅನ್ನೋದೇ ಮುಖ್ಯ. ಜೊತೆಗಾರ ಸ್ವಲ್ಪ ದೂರ ಹೋದರೆ ಕೆಂಪು ಮಂಕಾಗಿಬಿಡುತ್ತದೆ.

ತಲೆನೋವು ಕೊಟ್ಟಿದ್ದು ನೀಲಿ. "ಸಮುದ್ರದಾಗ ನೀಲಿನೇ ದೂರ ಹೋಗ್ತೈತ್ರಿ" ಅಂತ ಅಂಗಡಿಯವರು ಹೇಳಿ ಮಾರಿದ್ದರು. ತಿಳಿಯಾದ ನಡುಗಡಲಿನಲ್ಲಿ ಅದು ನಿಜವೇ. ದಡದ ಹತ್ತಿರದ ನೀರಿನ ಕಥೆ ಬೇರೆ. ಅಲ್ಲಿ ಪಾಚಿಯಂಥ ಸೂಕ್ಷ್ಮ ಜೀವಿಗಳಿರುತ್ತವೆ, ಹೊಳೆಗಳು ತಂದ ಮಣ್ಣು, ಕೊಳೆತ ಎಲೆಯ ಬಣ್ಣ ಬೆರೆತಿರುತ್ತದೆ. ಇವು ನೀಲಿಯನ್ನು ಹೀರಿಕೊಳ್ಳುತ್ತವೆ, ಹಸಿರನ್ನು ಅಷ್ಟಾಗಿ ತಡೆಯುವುದಿಲ್ಲ.

ಒಮ್ಮೆ ಮೋಡ ಕವಿದಿತ್ತು, ನೀರೂ ಕದಡಿತ್ತು. ಗೆಳೆಯ ಬಂಡೆ ಬಳಸಿ ಮುಂದೆ ಹೋದ. ಬೆನ್ನ ಮೇಲೆ ನೀಲಿ ದೀಪ ಉರಿಯುತ್ತಲೇ ಇತ್ತು. ಆದರೆ ಕದಡಿದ ನೀರು ಆ ನೀಲಿಯನ್ನು ನುಂಗಿಬಿಟ್ಟಿತ್ತು, ನನಗೆ ಏನೂ ಕಾಣಲಿಲ್ಲ. ಹುಡುಕಿ ಸಿಗದೆ, ನಿಯಮದಂತೆ ಮೇಲೆ ಬಂದೆ. ಅವನೂ ಬಂದ.

"ಎಲ್ಲಿ ಹೋಗಿದ್ದೆಲೇ ದೋಸ್ತ?"

"ನಿನ್ನ ಮುಂದ ಇದ್ದೆನಲ್ಲೋ!"

ಆ ಹೊತ್ತಿನ ಗಾಬರಿ ಯಾರಿಗೂ ಬೇಡ.

ಬಿಳಿ ದೂರಕ್ಕೆ ಕಾಣುತ್ತದೆ, ಸುಳ್ಳಲ್ಲ. ಆದರೆ ಎಲ್ಲರ ಕೈಯಲ್ಲೂ ಬಿಳಿ ಟಾರ್ಚೇ ಇರುವಾಗ ನಮ್ಮವನು ಯಾರು ಅಂತ ಗೊತ್ತಾಗುವುದಿಲ್ಲ. ಮೀನಿನ ನಿಜವಾದ ಬಣ್ಣ ನೋಡಲು ಕೈಯಲ್ಲಿ ಬಿಳಿಯೇ ಇರಲಿ, ಸಿಲಿಂಡರಿಗೆ ಬೇಡ.

ಹಸಿರಿಗೆ ನೀರೂ ದಾರಿ ಬಿಡುತ್ತದೆ, ಕಣ್ಣೂ ಒಲಿಯುತ್ತದೆ. ಬೆಳಕಿನ ಬಣ್ಣವನ್ನು ಅದರ ಅಲೆಯ ಉದ್ದದಿಂದ ಅಳೆದರೆ, ನಮ್ಮ ಕಣ್ಣು ಹಗಲಿನಲ್ಲಿ 555 ನ್ಯಾನೋಮೀಟರ್, ಮಬ್ಬಿನಲ್ಲಿ 507 ನ್ಯಾನೋಮೀಟರ್ ಹತ್ತಿರ ಅತಿ ಚುರುಕು. ಎರಡೂ ಹಸಿರಿನ ಆಸುಪಾಸೇ. ಗೆಳೆಯ ಈಗ ಕಟ್ಟುವುದೂ ಹಸಿರನ್ನೇ.

ಗುಂಡಿಯಂಥ ಸೆಲ್ಲಿನ ದೀಪ ಅಗ್ಗಕ್ಕೆ ಸಿಗುತ್ತದೆ. ಆದರೆ ಹೊರಡುವ ಹಿಂದಿನ ರಾತ್ರಿ ಸೆಲ್ಲು ಮುಗಿದರೆ ವಾಚ್ ರಿಪೇರಿ ಅಂಗಡಿ ಹುಡುಕಿಕೊಂಡು ದುರ್ಗದ ಬೈಲ್ ಪೇಟೆಯೆಲ್ಲಾ ಸುತ್ತಬೇಕು. ನಾನು ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು, ರಿಮೋಟಿಗೆ ಹಾಕುವ ಸಣ್ಣ ಸೆಲ್ಲಿನದ್ದನ್ನು ತಗೊಂಡೆ. ಅದು ಓಣಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ.